ಮ್ಯಾಂಡೋಲಿನ್ ಮಾಡಿದ ಕೈ

ಚನ್ನಪಟ್ಟಣ: ಹೊರಡುವ ಮುನ್ನ

ಪಾಸ್‌ಪೋರ್ಟು ಮಾಡಿಸುವಾಗ ನನಗೆ ಅರವತ್ತೊಂದು ತುಂಬಿತ್ತು. ಅಲ್ಲಿಯವರೆಗೆ ನಾನು ದಾಟಿದ್ದ ದೊಡ್ಡ ಗಡಿ ಎಂದರೆ ತಿರುಪತಿ ದಾರಿಯಲ್ಲಿ ಸಿಗುವ ಆಂಧ್ರದ ಚೆಕ್‌ಪೋಸ್ಟು. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವನು ಮಕ್ಕಳ ಹತ್ತಿರ ಹೋಗುತ್ತಿದ್ದೀರಾ ಎಂದು ಕೇಳಿದ. ಮಕ್ಕಳಿಲ್ಲ, ಮದುವೆಯೇ ಆಗಿಲ್ಲ ಎಂದೆ. ಮತ್ಯಾಕೆ ಹೋಗುತ್ತೀರಿ ಎಂದ. ಗೋಡೆಯ ಮೇಲಿದ್ದ ಮ್ಯಾಂಡೋಲಿನ್ ತೋರಿಸಿ, ಇದನ್ನು ಮಾಡಿದವರು ಯಾರು ಎಂದು ಕೇಳಿಕೊಂಡು ಬರುವುದಕ್ಕೆ ಎಂದೆ. ಅವನು ಏನನ್ನೂ ಬರೆದುಕೊಳ್ಳದೆ ಪೆನ್ನು ಮುಚ್ಚಿದ.

ಆ ಮ್ಯಾಂಡೋಲಿನ್ ನಮ್ಮಪ್ಪನದು. ನಮ್ಮದು ಬೊಂಬೆ ಕಡೆಯುವ ಮನೆ. ಹಿಂದಿನ ಕೋಣೆಯಲ್ಲಿ ಹಗ್ಗ ಎಳೆದು ತಿರುಗಿಸುವ ಲೇತು ಇತ್ತು. ಅದರಲ್ಲಿ ಅಪ್ಪ ಬುಗುರಿ, ಗಿಲಕಿ, ತೊಟ್ಟಿಲ ಕಾಲು ಕಡೆಯುತ್ತಿದ್ದ. ಹೊಟ್ಟೆ ತುಂಬಿದ್ದು ಅದರಿಂದ. ಹೆಸರು ಬಂದದ್ದು ಮಾತ್ರ ಮ್ಯಾಂಡೋಲಿನ್‌ನಿಂದ. ಮಾಗಡಿ, ಕನಕಪುರದ ಕಡೆ ನಾಟಕವೆಂದರೆ ಹಾರ್ಮೋನಿಯಂ ಪಕ್ಕದಲ್ಲಿ ಮ್ಯಾಂಡೋಲಿನ್ ಚಿಕ್ಕಣ್ಣ ಕೂರಲೇಬೇಕಿತ್ತು. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ಸೆರೆಯಲ್ಲಿದ್ದ ಇಟಲಿಯ ಸಿಪಾಯಿಯೊಬ್ಬ ಬಿಟ್ಟುಹೋದ ವಾದ್ಯವಂತೆ, ಹಳೇ ಸಾಮಾನಿನ ಅಂಗಡಿಯಲ್ಲಿ ಅಪ್ಪನಿಗೆ ಸಿಕ್ಕಿತ್ತು. ಅದರ ಹೊಟ್ಟೆಯೊಳಗೆ ಒಂದು ಚೀಟಿ ಅಂಟಿಸಿತ್ತು. ‘ನಪೋಲಿ’, ಅಂದರೆ ನೇಪಲ್ಸ್, ಎಂಬ ಊರ ಹೆಸರು ಉಳಿದಿತ್ತು. ಮಾಡಿದವನ ಹೆಸರು ಇರಬೇಕಾದ ಕಡೆ ಹುಳ ತಿಂದು ತೂತಾಗಿತ್ತು.

ಅಪ್ಪ ದಿನಾ ಸಂಜೆ ಜಗಲಿಯ ಮೇಲೆ ಕೂತು ನುಡಿಸುತ್ತಿದ್ದ. ಮುಗಿಸಿದ ಮೇಲೆ ಅದರ ಬೆನ್ನು ಸವರಿ ಪ್ರತಿ ದಿನ ಅದೇ ಮಾತು ಹೇಳುತ್ತಿದ್ದ: "ಇದ್ನ ಮಾಡ್ದೋನ ಕೈಗೆ ಒಂದ್ಸಲ ನಮಸ್ಕಾರ ಆಕ್ಬೇಕು ಕಣವ್ವ." ಆಸ್ಪತ್ರೆಯ ಕೊನೆಯ ದಿನಗಳಲ್ಲೂ ಹೇಳಿದ. ಹೆಸರು ಹುಡುಕಿ ನಿನ್ನ ಪರವಾಗಿ ನಾನೇ ನಮಸ್ಕಾರ ಮಾಡಿ ಬರುತ್ತೇನೆ ಎಂದು ಅವನ ಕೈ ಹಿಡಿದು ಮಾತು ಕೊಟ್ಟೆ. ಅದಾಗಿ ಹದಿನೈದು ವರ್ಷ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನನ್ನ ಗುಮಾಸ್ತೆ ಕೆಲಸ, ಅವ್ವನ ಮಂಡಿನೋವು, ಅವ್ವನ ಕಣ್ಣಿನ ಪೊರೆ, ಕೊನೆಗೆ ಅವ್ವನೂ ಹೋದದ್ದು, ಹೀಗೆ ದಿನ ಸರಿಯಿತು. ಈಗ ಮನೆಯಲ್ಲಿ ಉಳಿದಿರುವುದು ನಾನು, ತಿರುಗದ ಲೇತು ಮತ್ತು ಮೊಳೆಗೆ ತೂಗುಹಾಕಿದ ಆ ವಾದ್ಯ. ಒಬ್ಬರೇ ಇರುವವರಿಗೆ ಸಂಜೆ ಆರರಿಂದ ಎಂಟರವರೆಗಿನ ಹೊತ್ತು ಕಳೆಯುವುದೇ ಕಷ್ಟ. ಕೊಟ್ಟ ಮಾತುಗಳೆಲ್ಲ ನೆನಪಾಗುವುದು ಆ ಹೊತ್ತಿನಲ್ಲೇ.

ಹೊರಡುವ ಹಿಂದಿನ ದಿನ ಅಡುಗೆಮನೆಯ ಮರಿಗೆಯಿಂದ, ಮರದ ಬೋಗುಣಿಯಿಂದ, ಹುಣಸೆಹಣ್ಣು ತೆಗೆದು ಗೊಜ್ಜು ಕಾಯಿಸಿದೆ, ರಾಗಿ ಹುರಿಹಿಟ್ಟು ಕಟ್ಟಿಕೊಂಡೆ. ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಅರಗಿನ ಹೊಳಪು ಕಾಣದ ಮರ ಹೊಸಿಲು ದಾಟಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಊರು ಬಿಡುವ ಸಾಮಾನೆಂದರೆ ಗಂಡನ ಮನೆಗೆ ಹೊರಟ ಹೆಣ್ಣು, ಸಿಂಗಾರ ಮಾಡದೆ ಕಳಿಸಬಾರದು ಎನ್ನುತ್ತಿದ್ದಳು ಅವ್ವ. ಇಟಲಿಯವರ ಮುಂದೆ ನಮ್ಮ ವಾದ್ಯ ಮಂಕಾಗಿ ಕಾಣುವುದು ಬೇಡವೆಂದು, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಅದರ ಬೆನ್ನಿಗೆಲ್ಲ ಬಟ್ಟೆಯಲ್ಲಿ ಒತ್ತಿ ಒತ್ತಿ ಸವರಿದೆ. ಒಣಗಿದ ಮೇಲೆ ತಾಳೆಗರಿಯಿಂದ ಉಜ್ಜಿದೆ. ಹೊಸ ಬುಗುರಿಯ ಹಾಗೆ ಫಳಫಳ ಹೊಳೆಯಿತು. ಬಟ್ಟೆಗೆ ಕಪ್ಪು ಹತ್ತಿತ್ತು. ಎಷ್ಟು ವರ್ಷದ ಕೊಳೆ ನೋಡು ಎಂದುಕೊಂಡು ಬಟ್ಟೆಯನ್ನು ಒಲೆಗೆ ಹಾಕಿದೆ.

ರೋಮ್: ಹುರಿಹಿಟ್ಟಿನ ಪಂಚಾಯಿತಿ

ವಿಮಾನದಲ್ಲಿ ಮ್ಯಾಂಡೋಲಿನ್ನನ್ನು ಮೇಲಿನ ಗೂಡಿಗೆ ಇಡಲು ನಾನು ಒಪ್ಪಲಿಲ್ಲ. ಗಗನಸಖಿ ಎರಡು ಸಲ ನಗುತ್ತಾ ಹೇಳಿದಳು, ಮೂರನೆಯ ಸಲ ನಗದೆ ಹೇಳಿದಳು. ಕೊನೆಗೆ ಪಕ್ಕದ ಸೀಟು ಖಾಲಿಯಿದ್ದುದರಿಂದ ಅದಕ್ಕೂ ಬೆಲ್ಟು ಕಟ್ಟಿ ಕೂರಿಸಿದೆವು. ಹಟ ಮಾಡಿದ್ದಕ್ಕೆ ಕಾರಣವಿತ್ತು. ಆರು ವರ್ಷದವಳಿದ್ದಾಗ, ಸ್ಟೂಲು ಹತ್ತಿ ಆ ಮ್ಯಾಂಡೋಲಿನ್ ಎಳೆದು ಬೀಳಿಸಿದ ಹಾಗೆ, ಅದರ ಹೊಟ್ಟೆ ಚೂರುಚೂರಾದ ಹಾಗೆ ನನಗೊಂದು ಕನಸು ಬಿದ್ದಿತ್ತು. ಜ್ವರ ಬಂದಿತ್ತು ನಿನಗೆ, ಕನಸು ಕಂಡೆ ಎಂದು ಅವ್ವ ಹೇಳಿದ್ದಳು. ಅಪ್ಪ ಆಗ ನಾಟಕ ಕಂಪನಿಯ ಜೊತೆ ಮೈಸೂರು ಕಡೆ ಎರಡು ತಿಂಗಳು ಹೋಗಿದ್ದ. ಅಲ್ಲಿ ಬೇರೆ ವಾದ್ಯ ಕೊಡುತ್ತಾರೆಂದು ತನ್ನದನ್ನು ಮನೆಯಲ್ಲೇ ಬಿಟ್ಟಿದ್ದ. ಅವನು ಬಂದ ದಿನ ಅದು ಮೊಳೆಯಲ್ಲಿ ಸುಖವಾಗಿ ನೇತಾಡುತ್ತಿತ್ತು. ಕನಸೇ ಇರಬೇಕು ಎಂದು ನಂಬಿದೆ. ಆದರೂ ಆ ವಾದ್ಯ ಎತ್ತರದಲ್ಲಿದ್ದರೆ ನನಗೆ ಇವತ್ತಿಗೂ ಎದೆ ಡವಗುಟ್ಟುತ್ತದೆ.

ರೋಮಿನಲ್ಲಿ ಇಳಿದಾಗ ನನ್ನ ಚೀಲ ಬಿಚ್ಚಿಸಿದರು. ಮಣ್ಣಿನ ಬಣ್ಣದ ಪುಡಿ ಎರಡು ಸೇರು ಸಿಕ್ಕರೆ ಯಾರಿಗಾದರೂ ಅನುಮಾನ ಬರಬೇಕಾದ್ದೇ. ಊಟದ ಹಿಟ್ಟು ಎಂದು ಸನ್ನೆ ಮಾಡಿದೆ. ನಂಬಿಕೆ ಬರಲಿ ಎಂದು ಒಂದು ಹಿಡಿ ಒಣ ಹಿಟ್ಟನ್ನು ಬಾಯಿಗೆ ಹಾಕಿಕೊಂಡೆ. ಅದು ಗಂಟಲಿಗೆ ಹಿಡಿದು ನಾನು ಕೆಮ್ಮಿದ ಕೆಮ್ಮಿಗೆ ಇಬ್ಬರು ಅಧಿಕಾರಿಗಳು ಹಿಂದೆ ಸರಿದರು, ಒಬ್ಬ ನೀರು ತಂದ. ಅಷ್ಟರಲ್ಲಿ ಮೂರನೆಯವನು ಮ್ಯಾಂಡೋಲಿನ್ ಪೆಟ್ಟಿಗೆ ತೆರೆದಿದ್ದ. ಅವನ ಮುಖ ತಟ್ಟನೆ ಹಗುರಾಯಿತು. ನುಡಿಸಿ, ನುಡಿಸಿ ಎಂದು ಬೆರಳಾಡಿಸಿ ತೋರಿಸಿದ.

ನನಗೆ ಬರುವುದಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಭೂಮಿಯ ಆಚೆ ಬದಿಯಿಂದ ವಾದ್ಯ ಹೊತ್ತು ತಂದವಳಿಗೆ ನುಡಿಸಲು ಬರುವುದಿಲ್ಲವೆಂದರೆ ಯಾರು ತಾನೆ ನಂಬುತ್ತಾರೆ? ಚಿಕ್ಕವಳಿದ್ದಾಗ ಕೇಳಿದ್ದೆ. ಹೆಣ್ಣುಮಕ್ಕಳಿಗೆ ಯಾಕೆ ಅದೆಲ್ಲ ಎಂದಿದ್ದ ಅಪ್ಪ. ನನಗೆ ಬೇಜಾರಾಗಿರಲಿಲ್ಲ, ಆ ಕಾಲಕ್ಕೆ ಅದು ಸರಿಯಾದ ಉತ್ತರವೇ ಆಗಿತ್ತು. ಬೇಜಾರಾದದ್ದು ರೋಮಿನ ಆ ಮೇಜಿನ ಮುಂದೆ.

ನೇಪಲ್ಸ್: ರೋಸಾಳ ಮನೆ

ನಾನು ಕೋಣೆ ಹಿಡಿದದ್ದು ರೋಸಾ ಎಂಬ ವಿಧವೆಯ ಮನೆಯಲ್ಲಿ, ನಾಲ್ಕನೆಯ ಮಹಡಿ, ಲಿಫ್ಟಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಹರೆಯದಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಹಾಸಿಗೆ ಹಾಸುವ ಕೆಲಸ ಮಾಡಿದ್ದಳಂತೆ, ಅಲ್ಲಿ ಕಲಿತ ಇಂಗ್ಲಿಷ್ ಇತ್ತು. ಅವಳಿಗೂ ನನಗೂ ಆ ಭಾಷೆ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಅದಕ್ಕೇ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ನನ್ನ ಹೆಸರು ಜಯಮ್ಮ ಎಂದರೆ ಅವಳು ‘ಜಾಯಾ’ ಎಂದು ಎಳೆದು ಕರೆದಳು. ಯಾರಾದರೂ ಹೆಸರು ಹಿಡಿದು ಕರೆದು ಎಷ್ಟೋ ದಿನವಾಗಿತ್ತು. ಊರಲ್ಲಿ ನಾನು ಎಲ್ಲರಿಗೂ ಮೇಡಮ್ಮು.

ಬೆಳಿಗ್ಗೆ ಅವಳು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾಳೆ. ಕೆಳಗಿನ ಅಂಗಡಿಯವನು ಅದರಲ್ಲಿ ಬ್ರೆಡ್ಡು, ಟೊಮ್ಯಾಟೊ ಇಟ್ಟು ಮೇಲೆ ನೋಡಿ ಎರಡು ಮಾತು ಕೂಗುತ್ತಾನೆ, ಇವಳು ನಾಲ್ಕು ಮಾತು ಕೂಗುತ್ತಾಳೆ. ಬಾವಿಯಲ್ಲಿ ನೀರು ಸೇದುವ ಹಾಗೆ ತಿಂಡಿ ಸೇದುತ್ತೀಯಲ್ಲ ಎಂದೆ. ಮಂಡಿನೋವು, ಇಳಿಯುವುದಕ್ಕಾಗುವುದಿಲ್ಲ ಎಂದಳು. ನಮ್ಮವ್ವನೂ ಕೊನೆಯ ಎರಡು ವರ್ಷ ಕಿಟಕಿಯಿಂದಲೇ ತರಕಾರಿ ಗಾಡಿಯವನ ಜೊತೆ ಜಗಳವಾಡುತ್ತಿದ್ದಳು. ಜಗಳವಿಲ್ಲದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಊರು ನನಗೆ ಅಷ್ಟೇನೂ ಹೊಸದೆನಿಸಲಿಲ್ಲ. ಒಂದೇ ಸ್ಕೂಟರಿನಲ್ಲಿ ಮೂವರು, ಓಣಿಯ ಈ ಗೋಡೆಯಿಂದ ಆ ಗೋಡೆಗೆ ಒಣಹಾಕಿದ ಬಟ್ಟೆ, ಮೂಲೆಮೂಲೆಗೆ ದೀಪ ಹಚ್ಚಿದ ಸಣ್ಣ ಗುಡಿ. ಅಂಗಡಿಗಳ ಮುಂದೆ ಕೆಂಪು ಕೊಂಬಿನ ತಾಯಿತ ನೇತುಹಾಕಿರುತ್ತಾರೆ, ಕಣ್ಣು ತಾಗದಿರಲಿ ಎಂದು. ದೂರದಿಂದ ಥೇಟ್ ಮೆಣಸಿನಕಾಯಿ. ನಿಂಬೆಹಣ್ಣೊಂದು ಕಡಿಮೆ ಎಂದುಕೊಂಡೆ. ಕಾಫಿಯನ್ನು ಮಾತ್ರ ನಿಂತೇ ಒಂದು ಗುಟುಕಿಗೆ ಎಸೆದುಕೊಂಡು ಹೊರಡುತ್ತಾರೆ, ಔಷಧಿ ಕುಡಿದವರಂತೆ. ಬೈಟು ಕಾಫಿಗೆ ಅರ್ಧ ಗಂಟೆ ಕೂರುವ ನಮ್ಮ ಕಡೆಯವರು ಅಲ್ಲಿ ಬದುಕುವುದು ಕಷ್ಟ.

ಮೊದಲ ದಿನದ ಊಟಕ್ಕೆ ಕೂತಾಗ ರೋಸಾ ಬ್ರೆಡ್ಡಿನ ತುಂಡನ್ನು ಎಡಗೈಯಿಂದ ಕೊಟ್ಟಳು. ನನ್ನ ಕೈ ತಾನಾಗಿ ಹಿಂದೆ ಬಂತು. ಅವಳು ಗಮನಿಸಿದಳು, ಏನಾಯಿತು ಎಂದಳು. ನಾಚಿಕೆಯಾಗಿ ಕಾರಣ ಹೇಳಿದೆ: ನಮ್ಮಲ್ಲಿ ಎಡಗೈಯಿಂದ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ನಮ್ಮವ್ವ ಹುಟ್ಟಾ ಎಡಚಿ. ಮರೆತು ಎಡಗೈಯಿಂದ ಮುದ್ದೆ ಇಕ್ಕಿದರೆ ಅಪ್ಪ ತಟ್ಟೆ ಬಿಟ್ಟು ಏಳುತ್ತಿದ್ದ. ಮದುವೆಯ ದಿನವೆಲ್ಲ ಆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟಿದ್ದಳಂತೆ. ಮನೆಯಲ್ಲಿರುವ ಅವಳ ಯಾವ ಫೋಟೋದಲ್ಲೂ ಎಡಗೈ ಕಾಣುವುದಿಲ್ಲ. ರೋಸಾ ಬ್ರೆಡ್ಡಿನ ಬುಟ್ಟಿಯನ್ನು ನನ್ನ ಮುಂದೆ ಸರಿಸಿ, ನೀನೇ ತೆಗೆದುಕೋ ಎಂದಳು.

ಊಟವಾದ ಮೇಲೆ ಅವಳು ಟಿವಿ ಜೋರಾಗಿ ಹಾಕಿದಳು. ನೋಡುತ್ತಿರಲಿಲ್ಲ, ಸುಮ್ಮನೆ ಸದ್ದಿಗೆ. ನಾನೂ ಊರಿನಲ್ಲಿ ಹಾಗೇ ಹಾಕುತ್ತೇನೆ. ಗಡಿಯಾರ ನೋಡಿದೆ, ಏಳು ಗಂಟೆ. ಇಷ್ಟು ದೂರ ಬಂದರೂ ಆ ಹೊತ್ತು ನನ್ನ ಹಿಂದೆಯೇ ಬಂದಿತ್ತು.

ಚೀರೋನ ಅಂಗಡಿ

ಎರಡು ದಿನ ವಾದ್ಯದ ಅಂಗಡಿಗಳನ್ನು ಅಲೆದೆ. ಒಂದು ಕಡೆ ಪ್ರವಾಸಿಗರಿಗೆ ಮಾರುವ ಗೊಂಬೆ ಮ್ಯಾಂಡೋಲಿನ್ ತೋರಿಸಿದರು. ಇನ್ನೊಂದು ಕಡೆ ಚೀಟಿ ನೋಡಿ, ಇದು ಮಾರಿದವರ ಚೀಟಿ, ಮಾಡಿದವರದಲ್ಲ ಎಂದು ಹೆಗಲು ಕುಣಿಸಿ ಕಳಿಸಿದರು. ಮೂರನೆಯ ದಿನ ನನ್ನ ಮುಖ ನೋಡಲಾರದೆ ರೋಸಾ ಮಂಡಿಗೆ ಪಟ್ಟಿ ಕಟ್ಟಿಕೊಂಡು ನಾಲ್ಕು ಮಹಡಿ ಇಳಿದು, ತನಗೆ ಗೊತ್ತಿದ್ದ ಚೀರೋ ಎಂಬ ಮುದುಕನ ಹತ್ತಿರ ಕರೆದುಕೊಂಡು ಹೋದಳು. ಐವತ್ತು ವರ್ಷದಿಂದ ಮ್ಯಾಂಡೋಲಿನ್ ಮಾಡುವುದು, ರಿಪೇರಿ ಮಾಡುವುದು ಬಿಟ್ಟರೆ ಬೇರೆ ಕೆಲಸ ಮಾಡದವನು ಎಂದಳು.

ನೆಲಮಾಳಿಗೆಯ ಅಂಗಡಿ. ಒಳಗೆ ಕಾಲಿಡುತ್ತಲೇ ಮೂಗಿಗೆ ನಮ್ಮ ಹಿಂದಿನ ಕೋಣೆಯ ವಾಸನೆ ಬಡಿಯಿತು: ಮರದ ಪುಡಿ, ಅರಗು, ಬೆಚ್ಚಗಿನ ಗೋಂದು. ಹೊಸಿಲಲ್ಲೇ ನಿಂತುಬಿಟ್ಟೆ. ಅವ್ವ ಹೋದಾಗಿನಿಂದ, ಮೂರು ವರ್ಷ, ನಾನು ಆ ಕೋಣೆಯ ಬಾಗಿಲು ತೆಗೆದಿರಲಿಲ್ಲ.

ಚೀರೋ ಪೆಟ್ಟಿಗೆ ತೆರೆದು, ವಾದ್ಯವನ್ನು ತಿರುಗಿಸಿ ಬೆನ್ನು ನೋಡಿದವನೇ ಹಣೆ ಚಚ್ಚಿಕೊಂಡ. ಯಾರು ಇದಕ್ಕೆ ಹೀಗೆ ಬಳಿದದ್ದು ಎಂದು ಕೇಳಿದ. ನಾನೇ, ನಿಮಗೆ ಮರ್ಯಾದೆಯಿಂದ ತೋರಿಸೋಣವೆಂದು ಎಂದೆ. ರೋಸಾ ಅದನ್ನು ಅವನ ಭಾಷೆಗೆ ತಿರುಗಿಸಿ ಹೇಳುವಾಗ ನಗು ತಡೆಯಲಿಲ್ಲ. ಹಳೇ ವಾದ್ಯದ ಮೈಮೇಲಿನ ಕೊಳೆಯೇ ಅದರ ಜಾತಕವಂತೆ, ಉಜ್ಜಿದರೆ ಓದುವುದಕ್ಕೆ ಏನೂ ಉಳಿಯುವುದಿಲ್ಲವಂತೆ. ಇಷ್ಟು ದೂರ ಬಂದು ನನ್ನ ಕೈಯಾರೆ ಹೆಸರು ಅಳಿಸಿದೆನಲ್ಲ ಎಂದುಕೊಂಡೆ.

ಆದರೆ ಅವನು ಕನ್ನಡಕ ಏರಿಸಿ ಮತ್ತೆ ನೋಡಿದ. ಬೆರಳಿನಲ್ಲಿ ಒಂದು ಗೆರೆ ಹಿಡಿದು ಮೇಲಿಂದ ಕೆಳಗೆ ಹೋದ. ಮ್ಯಾಂಡೋಲಿನ್ ಹೊಟ್ಟೆಯನ್ನು ಬಾಗಿಸಿದ ತೆಳು ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಮಾಡುತ್ತಾರೆ. ಕಿತ್ತಳೆ ತೊಳೆಗಳ ಹಾಗೆ ಅವುಗಳ ನಡುವೆ ಗೆರೆ ಕಾಣುತ್ತದೆ. ನಮ್ಮದರಲ್ಲೂ ಅಂಥ ಕಪ್ಪು ಗೆರೆಗಳಿದ್ದವು. ಈಗ ಅವು ಅಲ್ಲಲ್ಲಿ ಹರಡಿಕೊಂಡಿದ್ದವು, ಅತ್ತವಳ ಕಾಡಿಗೆಯಂತೆ. ಅಂಟಿಸಿದ ಸಂದು ಸ್ಪಿರಿಟ್ಟಿಗೆ ಕರಗುವುದಿಲ್ಲ, ಇವು ಸಂದುಗಳಲ್ಲ, ಯಾರೋ ಬರೆದ ಗೆರೆ ಎಂದ ಚೀರೋ. ನನ್ನ ಬಟ್ಟೆಗೆ ಹತ್ತಿದ್ದು ಕೊಳೆಯಲ್ಲ ಎಂದು ಆಗ ತಿಳಿಯಿತು.

ತಂತಿ ಸಡಿಲಿಸಿ, ಬುಡದಲ್ಲಿ ತಂತಿಗಳನ್ನು ಹಿಡಿಯುವ ತಗಡು ಬಿಚ್ಚಿದ. ತಗಡಿನ ಅಡಿಯಲ್ಲಿ, ಮುಖದ ಹಲಗೆ ಹೊಟ್ಟೆಗೆ ಸೇರುವ ಅಂಚಿನಲ್ಲಿ, ಕೆಂಪು ಅರಗು ತುಂಬಿದ ಅರ್ಧಚಂದ್ರದಂಥ ಒಂದು ಗುಳಿ ಇತ್ತು. ಅವನಿಗೆ ಅದೇನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಲೇತಿನಲ್ಲಿ ಮರವನ್ನು ಎರಡು ಕಬ್ಬಿಣದ ಮೊನೆಗಳ ನಡುವೆ ಸಿಕ್ಕಿಸಿ ತಿರುಗಿಸುತ್ತಾರೆ, ಎರಡೂ ತುದಿಗೆ ಒಂದೊಂದು ಗುಳಿ ಬೀಳುತ್ತದೆ. ಅದನ್ನು ಕೆಂಪು ಅರಗಿನಿಂದ ಮುಚ್ಚುವುದಕ್ಕೆ ನಮ್ಮ ಮನೆಯಲ್ಲಿ ಬೊಟ್ಟಿಡುವುದು ಎನ್ನುತ್ತಿದ್ದೆವು. ಇದು ಅರ್ಧ ಬೊಟ್ಟು. ಅಂದರೆ ಯಾರೋ ಪೇರಲೆ ಹಣ್ಣಿನ ಆಕಾರದಲ್ಲಿ ಮರವನ್ನು ಇಡಿಯಾಗಿ ಕಡೆದು, ಉದ್ದಕ್ಕೆ ಎರಡು ಹೋಳು ಮಾಡಿ, ಒಂದು ಹೋಳನ್ನು ಕೊರೆದು ಈ ಹೊಟ್ಟೆ ಮಾಡಿದ್ದರು. ಮ್ಯಾಂಡೋಲಿನ್ ಮಾಡುವವರು ಯಾರೂ ಹಾಗೆ ಮಾಡುವುದಿಲ್ಲ. ಬುಗುರಿ ಮಾಡುವವರಿಗೆ ಮಾತ್ರ ಹಾಗೆ ಹೊಳೆಯುತ್ತದೆ.

ಮೊದಲು ನನಗೆ ಬಂದದ್ದು ಸಿಟ್ಟು. ಅಪ್ಪ ತಾನೇ ಮಾಡಿಕೊಂಡು, ಇಟಲಿಯವನದು ಎಂದು ಊರಿಗೆಲ್ಲ ಹೇಳಿಕೊಂಡು, ಸಾಯುವಾಗ ನನ್ನ ಕೈಯಲ್ಲಿ ಮಾತು ಬೇರೆ ತೆಗೆದುಕೊಂಡನೇ?

ಚೀರೋ ಪುಟ್ಟ ಕನ್ನಡಿಯೊಂದನ್ನು ಒಳಗೆ ಬಿಟ್ಟು ದೀಪ ಹಿಡಿದ. ಹೊಟ್ಟೆಯೊಳಗೆ ಒಂದೂ ಸಂದಿರಲಿಲ್ಲ; ಹಳದಿ ಮರ, ಹಲಸು. ಅದರ ಮೈತುಂಬ ಉಳಿಯ ಗುರುತು. ಅವನು ಬಹಳ ಹೊತ್ತು ನೋಡುತ್ತಾ ಕೂತ. ಆಮೇಲೆ ತನ್ನ ಉಳಿ ತೆಗೆದು ಒಂದು ಮರದ ತುಂಡಿನ ಮೇಲೆ ನಾಲ್ಕು ಗೀರು ಎಳೆದು ತೋರಿಸಿದ. ಗೀರುಗಳು ಅದೇ ಕಡೆಗೆ ವಾಲಿದ್ದವು. ಆಗ ಗಮನಿಸಿದೆ, ಅವನು ಉಳಿ ಹಿಡಿದದ್ದು ಎಡಗೈಯಲ್ಲಿ.

ಇದು ನನ್ನಂಥವರ ಕೆಲಸ ಎಂದ. ಶಾಲೆಯಲ್ಲಿ ಅವನ ಎಡಗೈಯನ್ನು ಬೆಂಚಿಗೆ ಕಟ್ಟಿಹಾಕಿ ಬರೆಸುತ್ತಿದ್ದರಂತೆ, ಅದು ಸೈತಾನನ ಕೈ ಎಂದು. ಅದಕ್ಕೇ ಆ ಗೀರು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ ಎಂದ. ಮುಖದ ಹಲಗೆ, ಕತ್ತು ಎರಡೂ ಇಲ್ಲಿನ ಯಾವುದೋ ಕಾರ್ಖಾನೆಯವು, ಹತ್ತು ಕೈ ಸೇರಿ ಮಾಡಿದ್ದು, ಅದಕ್ಕೆ ಹೆಸರು ಹುಡುಕಬೇಡ. ವಾದ್ಯದ ದನಿ ಇರುವುದು ಹೊಟ್ಟೆಯಲ್ಲಿ. ಅದನ್ನು ಮಾಡಿದವರು ನಿನ್ನ ಊರಿನವರು, ಎಡಗೈಯವರು. ರೋಸಾ ಇಷ್ಟನ್ನೂ ನಿಧಾನವಾಗಿ ಇಂಗ್ಲಿಷಿಗೆ ತಂದಳು. ಕೊನೆಯ ಮಾತಿಗೆ ಬಂದಾಗ ನನ್ನ ಮುಖ ನೋಡಿ ನಿಲ್ಲಿಸಿದಳು. ಮೊದಲ ದಿನ ಬ್ರೆಡ್ಡಿನ ಮುಂದೆ ನಾನು ಹೇಳಿದ್ದು ಅವಳಿಗೂ ನೆನಪಾಗಿತ್ತು.

ನಮ್ಮಪ್ಪ ಬಲಗೈಯವನು. ನಮ್ಮ ಮನೆಯಲ್ಲಿ ಎಡಗೈಯವರು ಒಬ್ಬರೇ ಇದ್ದದ್ದು.

ಚೀರೋ ತಗಡು ಮತ್ತೆ ಕೂರಿಸಿ, ತಂತಿ ಬಿಗಿದು ಏನನ್ನೋ ನುಡಿಸಿದ. ಹಾಡು ಅವರದು, ದನಿ ನಮ್ಮ ಜಗಲಿಯದು. ಅಪ್ಪ ಹೋದ ಮೇಲೆ ಆ ದನಿಯನ್ನು ಕೇಳಿದ್ದು ಅದೇ ಮೊದಲು. ಮುಚ್ಚಿಡುವುದೇನಿದೆ, ಆ ಇಬ್ಬರು ಪರದೇಶದವರ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ಹೊರಡುವಾಗ ಅವನು ತನ್ನ ಡ್ರಾಯರಿನಿಂದ ಒಂದು ಖಾಲಿ ಚೀಟಿ ಕೊಟ್ಟ. ಹೆಸರಿಲ್ಲದ ವಾದ್ಯ ತನ್ನ ಅಂಗಡಿಯಿಂದ ಹೊರಗೆ ಹೋಗಬಾರದು, ಇದರಲ್ಲಿ ಹೆಸರು ಬರೆದು ಒಳಗೆ ಅಂಟಿಸು ಎಂದ. ಹಳೇ ಚೀಟಿಯನ್ನು ಯಾರೋ ಅನ್ನದ ಗಂಜಿಯಲ್ಲಿ ಅಂಟಿಸಿದ್ದಾರೆ, ಅದಕ್ಕೇ ಹುಳ ತಿಂದದ್ದು, ನೀನು ಹಾಗೆ ಮಾಡಬೇಡ ಎಂದೂ ಹೇಳಿದ. ಯಾರಿಗಾದರೂ ಕೊಡೋಣವೆಂದು ಊರಿನಿಂದ ತಂದಿದ್ದ ಬುಗುರಿಯೊಂದನ್ನು ನಾನು ಅವನಿಗೆ ಕೊಟ್ಟೆ. ಎಡಗೈಯಲ್ಲಿ ತಿರುಗಿಸಿ ಬಿಟ್ಟ. ಅದು ನಿಲ್ಲುವವರೆಗೂ ಮೂವರೂ ನೋಡುತ್ತಾ ನಿಂತೆವು.

ಕಡಲ ದಂಡೆ

ರೋಸಾಳನ್ನು ಮನೆಗೆ ಬಿಟ್ಟು ಕಡಲ ದಂಡೆಗೆ ಹೋಗಿ ಕೂತೆ. ಅಲ್ಲಿಗೆ ಎಲ್ಲರೂ ಜೋಡಿಯಾಗಿ ಬರುತ್ತಾರೆ. ಬೆಂಚಿನ ಮೇಲೆ ನಾನು ಮತ್ತು ಪೆಟ್ಟಿಗೆ. ರಾಮನಗರದ ಹತ್ತಿರದ ಕೈಲಾಂಚದಲ್ಲಿರುವ ಚಿಕ್ಕವ್ವನಿಗೆ, ಅಂದರೆ ಅವ್ವನ ತಂಗಿಗೆ, ಫೋನು ಮಾಡಿದೆ. ಉಂಡೆಯಾ, ಅಲ್ಲಿ ಚಳಿಯಾ ಎಂದೆಲ್ಲ ಕೇಳಿದಳು. ನಾನು ನೇರವಾಗಿ ಕೇಳಿದೆ, ಚಿಕ್ಕವಳಿದ್ದಾಗ ಅಪ್ಪನ ಮ್ಯಾಂಡೋಲಿನ್ ಒಡೆದದ್ದು ನಾನೇನಾ ಎಂದು. ಆ ಕಡೆ ಬರೀ ಕೋಳಿಯ ಸದ್ದು ಕೇಳಿಸಿತು.

"ಯಾರ್ ಯೋಳಿದ್ರು ನಿಂಗೆ?"

"ಇಲ್ಲೊಬ್ಬ ಮುದುಕ."

"ಅಲ್ಲಿರೋನ್ಗೆ ಎಂಗ್ ಗೊತ್ತಾಯ್ತು ಅದು" ಎಂದವಳು ಆಮೇಲೆ ಎಲ್ಲ ಹೇಳಿದಳು.

ಕನಸಲ್ಲ, ನಾನೇ ಬೀಳಿಸಿದ್ದು. ಅಪ್ಪನ ಕೋಪ ಊರಿಗೇ ಗೊತ್ತಿದ್ದದ್ದು. ಮಗುವಿನ ಕೈ ಮುರಿದಾನು ಎಂದು ಅವ್ವ ಹೆದರಿದಳು. ಚೂರುಗಳನ್ನು ಒಲೆಗೆ ಹಾಕಿದಳು. ಚೀಟಿಯನ್ನು ನೆನೆಸಿ ಬಿಡಿಸಿಟ್ಟುಕೊಂಡಳು. ಮುಖದ ಹಲಗೆಯ ಅಳತೆ ತೆಗೆದು, ತೊಟ್ಟಿಲಿಗೆಂದು ತಂದಿದ್ದ ಹಲಸಿನ ದಿಮ್ಮಿಯನ್ನು ಲೇತಿಗೆ ಏರಿಸಿದಳು. ಆ ಕಾಲಕ್ಕೆ ನಮ್ಮ ಮನೆಯಲ್ಲಿ ಹೆಂಗಸರು ಅರಗು ಉಜ್ಜಬಹುದಿತ್ತು, ಲೇತಿನ ಮುಂದೆ ಕೂರುವ ಹಾಗಿರಲಿಲ್ಲ. ಕದ ಹಾಕಿಕೊಂಡು ಎಂಟು ದಿನ ಕೂತಳು. ಹಗ್ಗ ಎಳೆದದ್ದು ಚಿಕ್ಕವ್ವ. ಗೆರೆಗಳನ್ನು ತೆಂಗಿನ ಗರಿಯ ಕಡ್ಡಿಯಲ್ಲಿ ಕಪ್ಪು ಅರಗು ಅದ್ದಿ ಬರೆದಳಂತೆ, ಉಸಿರು ಬಿಗಿಹಿಡಿದು.

"ಉಳೀನ ಎಡಗೈಲಿ ಇಡ್ಕಂಡು ಕೂತ್ಲು ಅಂದ್ರೆ ಗಂಡಸ್ರು ಏನ್ ಕಡೆದಾರು ಬುಡವ್ವ. ನಿಮ್ಮಪ್ಪ ಬಂದು ಎತ್ಕಂಡು, ಕಂಪ್ನಿ ಊಟ ತಿಂದು ಕೈ ಸೋತೋಗದೆ, ಒಸಿ ಭಾರ ಅನ್ನುಸ್ತದೆ ಅಂದ. ನಾವಿಬ್ರೂ ಸೆರಗು ಕಚ್ಕಂಡು ಒಳೀಕೆ ವೋದೊ."

ಆಮೇಲಾದರೂ ಯಾಕೆ ಹೇಳಲಿಲ್ಲ ಎಂದೆ.

"ಯೋಳಿದ್ರೆ ನಿಮ್ಮಪ್ಪ ಅದ್ನ ಮುಟ್ತಿದ್ನಾ? ಎಡಗೈಲಿ ಇಕ್ಕಿದ್ ಮುದ್ದೆನೇ ಉಣ್ದೇ ಇದ್ದೋನು. ನನ್ ಕೈಲೂ ಆಣೆ ಆಕುಸ್ಕಂಡಿದ್ಲು." ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದಳು: "ಒಡ್ದೋಗಕ್ಕೆ ಮುಂಚೆ ಆ ನಮಸ್ಕಾರದ ಮಾತು ಅವ್ನ ಬಾಯಲ್ಲಿ ಬಂದೇ ಇರ್ನಿಲ್ಲ ಕಣವ್ವ. ಆಮ್ಯಾಕೇ ಸುರುವಾಗಿದ್ದು."

ಫೋನು ಇಟ್ಟ ಮೇಲೆ ನನಗೆ ಆ ಸಂಜೆಗಳು ನೆನಪಾದವು. ಅಪ್ಪ ನುಡಿಸಿ ಮುಗಿಸಿ ಆ ಮಾತು ಆಡಿದಾಗಲೆಲ್ಲ ಅವ್ವ ಎದ್ದು, ಸಾರು ಉಕ್ಕುತ್ತದೆ ಎಂದು ಒಳಗೆ ಹೋಗುತ್ತಿದ್ದಳು. ಪ್ರತಿ ದಿನ ಅದೇ ಹೊತ್ತಿಗೆ ಸಾರು ಹೇಗೆ ಉಕ್ಕುತ್ತದೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಅಪ್ಪ ಹೋದ ಮೇಲೆ ಹನ್ನೆರಡು ವರ್ಷ ನಾವಿಬ್ಬರೇ ಇದ್ದೆವು. ಇದನ್ನು ಮಾಡಿದ ಪುಣ್ಯಾತ್ಮ ಯಾರೋ, ಎಲ್ಲಿದ್ದಾನೋ ಎಂದು ಅವಳ ಮುಂದೆಯೇ ಎಷ್ಟು ಸಲ ಗೊಣಗಿದ್ದೇನೆ. ಅವಳು ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದಳು. ಬೈಯುವವನು ಇಲ್ಲದಿದ್ದರೂ ಬಲಗೈಯಲ್ಲೇ ಸುಲಿಯುತ್ತಿದ್ದಳು, ನಿಧಾನವಾಗಿ. ಜೊತೆಯಲ್ಲಿದ್ದವರು ಇಷ್ಟು ಒಂಟಿಯಾಗಿರಬಹುದು ಎಂದು ನನಗೆ ಗೊತ್ತಿರಲಿಲ್ಲ. ಒಂಟಿತನವೆಂದರೆ ನನ್ನದೊಂದೇ ಎಂದುಕೊಂಡಿದ್ದೆ.

ಇನ್ನೂ ಎರಡು ದಿನ ಉಳಿದಿತ್ತು. ಏನೇನೋ ನೋಡಬಹುದಿತ್ತಂತೆ, ಬೂದಿಯಲ್ಲಿ ಮುಚ್ಚಿಹೋದ ಊರು, ಬೆಂಕಿ ಉಗುಳಿದ ಬೆಟ್ಟ. ನಾನು ರೋಸಾಳ ಅಡುಗೆಮನೆಯಲ್ಲಿ ಕೂತು ಅವಳಿಗೆ ಅವ್ವನ ಕಥೆ ಹೇಳಿದೆ. ಹೊರಟ ದಿನ ಅವಳು ದಾರಿಗೆ ಬ್ರೆಡ್ಡು ಕಟ್ಟಿ, ಎಡಗೈಯಲ್ಲಿ ಚಾಚಿದಳು. ಬೇಕೆಂದೇ ಹಾಗೆ ಮಾಡಿದ್ದಳು. ನಾನು ಎಡಗೈಯಲ್ಲೇ ತೆಗೆದುಕೊಂಡೆ.

ಮನೆ

ಚನ್ನಪಟ್ಟಣಕ್ಕೆ ಬಂದು ಬೀಗ ತೆಗೆದಾಗ ಮಧ್ಯಾಹ್ನ. ಚಪ್ಪಲಿ ಬಿಟ್ಟವಳು ನೇರವಾಗಿ ಅಡುಗೆಮನೆಗೆ ಹೋದೆ. ಕಡಲ ದಂಡೆಯಿಂದ ಹಿಡಿದು ಎರಡು ವಿಮಾನ, ಒಂದು ಬಸ್ಸು, ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ: ಎರಡು ಹೋಳಿನಲ್ಲಿ ಒಂದು ಮ್ಯಾಂಡೋಲಿನ್ ಆಯಿತು, ಇನ್ನೊಂದು ಎಲ್ಲಿ ಹೋಯಿತು?

ಹುಣಸೆಹಣ್ಣಿನ ಮರಿಗೆ ಶೆಲ್ಫಿನ ಕೆಳಗಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅದು ಅಲ್ಲೇ ಇದೆ. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಸಪೂರ. ಎಲ್ಲರ ಮನೆಯ ಮರಿಗೆ ಗುಂಡಗಿದ್ದರೆ ನಮ್ಮದೊಂದು ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ಹುಣಸೆಹಣ್ಣನ್ನು ತಟ್ಟೆಗೆ ಸುರಿದು, ಮರಿಗೆಯನ್ನು ಒರೆಸಿ, ಮ್ಯಾಂಡೋಲಿನ್‌ನ ಪಕ್ಕದಲ್ಲಿ ಇಟ್ಟೆ. ಅದೇ ಉದ್ದ, ಅದೇ ಅಗಲ, ಅದೇ ಬಾಗು. ತಗಡಿನ ಎರಡು ಸ್ಕ್ರೂ ಬಿಚ್ಚಿ ಬುಡಕ್ಕೆ ಬುಡ ಹಿಡಿದು ನೋಡಿದೆ. ಮರಿಗೆಯ ಅಂಚಿನಲ್ಲೂ ಕೆಂಪು ಅರಗಿನ ಅರ್ಧ ಬೊಟ್ಟಿತ್ತು. ಹುಳಿ ತಿಂದು ಮಾಸಿತ್ತು, ಆದರೂ ಇತ್ತು. ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ಬೊಟ್ಟು.

ಅಪ್ಪನಿಗೆ ಕೊಟ್ಟ ಮಾತು ಉಳಿದಿತ್ತಲ್ಲ. ಎರಡನ್ನೂ ಅವ್ವನ ಫೋಟೋದ ಮುಂದೆ ಇಟ್ಟು, ಅಪ್ಪನ ಪರವಾಗಿ ನಮಸ್ಕಾರ ಮಾಡಿದೆ. ನನ್ನದೂ ಒಂದು ಸೇರಿಸಿದೆ. ಫೋಟೋದಲ್ಲಿ ಅವಳು ಎಂದಿನಂತೆ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಆಮೇಲೆ ಚೀರೋ ಕೊಟ್ಟ ಚೀಟಿ ತೆಗೆದು, ಅವ್ವನ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದೆ: ಪುಟ್ಟತಾಯಮ್ಮ, ಚನ್ನಪಟ್ಟಣ. ಒಂದಿಷ್ಟು ಅನ್ನ ಮಾಡಿ, ನಾಲ್ಕು ಅಗುಳು ಹಿಸುಕಿ ಚೀಟಿಯ ಹಿಂದೆ ಸವರಿದೆ. ಹುಳ ತಿನ್ನುತ್ತದೆ ಎಂದು ಆ ಮುದುಕ ಹೇಳಿದ್ದ. ತಿನ್ನಲಿ, ಅದಕ್ಕೆ ಇನ್ನೂ ಐವತ್ತು ವರ್ಷ ಬೇಕು. ತಂತಿ ಸರಿಸಿ ರಂಧ್ರದೊಳಗೆ ಬಲಗೈ ಬೆರಳು ಬಿಟ್ಟೆ. ಎಷ್ಟು ತಿರುಗಿಸಿದರೂ ಆ ಮೂಲೆಗೆ ಬೆರಳು ಎಟುಕಲಿಲ್ಲ, ಚೀಟಿ ಮಡಚಿಕೊಂಡಿತು. ಕೈ ಬದಲಿಸಿದೆ. ಸಲೀಸಾಗಿ ಹೋಯಿತು. ಎಡಗೈಯ ಹೆಬ್ಬೆರಳಿನಿಂದ ಒತ್ತಿ, ಅಂಟುವವರೆಗೂ ಹಾಗೇ ಹಿಡಿದುಕೊಂಡು ಕೂತೆ. ಸಂಜೆ ಆರು ದಾಟಿತ್ತು. ಬೈಯುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.